ಮೊದಲು ಎರೆಹುಳು, ಆಮೇಲೆ ಹೂವು, ಕೊನೆಗೆ ಜೇನು: 30×40 ಸೈಟಿನಲ್ಲೊಂದು ಕೈತೋಟ

ಹೋದ ವರ್ಷ ಯುಗಾದಿ ಕಳೆದ ಮೇಲೆ ನಮ್ಮ ಬೀದಿಯ ಪರಿಚಿತರೊಬ್ಬರು ತುಡುವೆ ಜೇನಿನ ಪೆಟ್ಟಿಗೆಯೊಂದನ್ನು ತಂದು ತಾರಸಿ ಮೇಲಿಟ್ಟರು. ಮೂರನೇ ವಾರಕ್ಕೆ ಪೆಟ್ಟಿಗೆ ಖಾಲಿ. ಎರಿಗಳು ಹಾಗೇ ಇದ್ದವು, ಹುಳ ಮಾತ್ರ ಒಂದೂ ಇರಲಿಲ್ಲ. ಬೇಜಾರಿನಲ್ಲಿ ನನ್ನನ್ನು ಕರೆದು ತೋರಿಸಿದರು. ಕಾಂಕ್ರೀಟು ಬರಿಗಾಲಲ್ಲಿ ನಿಲ್ಲಲಾಗದಷ್ಟು ಕಾದಿತ್ತು. ಸುತ್ತ ಇದ್ದದ್ದು ಕ್ರೋಟನ್, ಮನಿಪ್ಲಾಂಟು, ಎರಡು ಕುಂಡ ದಾಸವಾಳ. ಮೂಲೆಯಲ್ಲಿ ಕೀಟನಾಶಕದ ಸ್ಪ್ರೇ ಬಾಟಲಿ. ನೆರಳಿಲ್ಲ, ನೀರಿಲ್ಲ, ಮೇವಿಲ್ಲ, ಮೇಲಿಂದ ವಿಷ. ಜೇನು ಎದ್ದು ಹೋಗದೆ ಇನ್ನೇನು ಮಾಡೀತು?

ಜೇನನ್ನೂ ಎರೆಹುಳುವನ್ನೂ ಹಣ ಕೊಟ್ಟು ತರುವುದು ಅರ್ಧ ದಿನದ ಕೆಲಸ. ಅವು ನಿಲ್ಲುವಂತೆ ಮಾಡುವುದಕ್ಕೆ ಒಂದು ವರ್ಷ ಬೇಕು. ಆ ವರ್ಷದ ಕೆಲಸವನ್ನು ಯಾವುದರ ಹಿಂದೆ ಯಾವುದು ಎಂಬ ಕ್ರಮದಲ್ಲಿ ಇಲ್ಲಿ ಬರೆದಿದ್ದೇನೆ. ನಮ್ಮದು ಮೈಸೂರಿನ ಹೊರವಲಯದ 30×40 ಸೈಟು. ಮನೆ ಕಟ್ಟಿ ಉಳಿದದ್ದು ಹಿಂದುಗಡೆ 5 ಅಡಿ ಅಗಲದ ಓಣಿ, ಗೇಟಿನ ಪಕ್ಕ ಒಂದು ಪಾತಿ, ಮೇಲೆ ತಾರಸಿ. ಇದಕ್ಕಿಂತ ಹೆಚ್ಚು ಜಾಗ ಇದ್ದವರಿಗೆ ಎಲ್ಲವೂ ಇನ್ನಷ್ಟು ಸುಲಭ.

ಎಲ್ಲಕ್ಕಿಂತ ಮೊದಲು: ವಿಷ ನಿಲ್ಲಿಸಿ

ಬೇರೆ ಏನೂ ಮಾಡದಿದ್ದರೂ ಇದೊಂದನ್ನು ಮಾಡಿ. ನರ್ಸರಿಗಳಲ್ಲಿ ಗಿಡಹೇನಿಗೆಂದು ಕೊಡುವ ಸಣ್ಣ ಬಾಟಲಿಗಳ ಮೇಲಿನ ಹೆಸರು ಓದಿ. ಇಮಿಡಾಕ್ಲೋಪ್ರಿಡ್ ಎಂದಿದ್ದರೆ ಅದು ಎಲೆಯ ಮೇಲಷ್ಟೇ ಉಳಿಯುವ ಔಷಧವಲ್ಲ. ಗಿಡ ಅದನ್ನು ಹೀರಿಕೊಂಡು ಕಾಂಡ, ಎಲೆಗಳಿಗೆಲ್ಲ ಸಾಗಿಸುತ್ತದೆ, ಹೂವಿನ ಮಕರಂದ ಮತ್ತು ಪರಾಗಕ್ಕೂ. ಇಂದು ಬೇರಿಗೆ ಸುರಿದದ್ದು ಮುಂದೆ ಹೂವು ಬಿಟ್ಟಾಗ ಜೇನಿನ ಬಾಯಿಗೆ ಹೋಗುತ್ತದೆ. ಮಣ್ಣಿನಲ್ಲಿ ತಿಂಗಳುಗಟ್ಟಲೆ ಉಳಿದು ಎರೆಹುಳುವಿಗೂ ಕೆಡುಕು ಮಾಡುತ್ತದೆ.

ಹಾಗಾದರೆ ಗಿಡಹೇನಿಗೆ, ಹಿಟ್ಟು ತಿಗಣೆಗೆ ಏನು ಮಾಡುವುದು? ಮೊದಲು ಪೈಪಿನ ನೀರನ್ನು ಜೋರಾಗಿ ಹೊಡೆಯಿರಿ, ಎಲೆಯ ಅಡಿಭಾಗಕ್ಕೆ. ಮೂರು ದಿನ ಬಿಟ್ಟು ಮತ್ತೊಮ್ಮೆ. ಅದಕ್ಕೂ ಬಗ್ಗದಿದ್ದರೆ ಲೀಟರ್ ನೀರಿಗೆ 5 ಮಿಲಿ ಬೇವಿನ ಎಣ್ಣೆ, ಎಣ್ಣೆ ನೀರಲ್ಲಿ ಬೆರೆಯಲು ಒಂದೆರಡು ಮಿಲಿ ಸೋಪಿನ ದ್ರಾವಣ. ಸಂಜೆ ಸೂರ್ಯ ಮುಳುಗುವ ಹೊತ್ತಿಗೆ, ಜೇನು ಗೂಡಿಗೆ ಮರಳಿದ ಮೇಲೆ ಸಿಂಪಡಿಸಿ. ಹೂವಿನ ಮೇಲೆ ಬೀಳಿಸಬೇಡಿ. ಬೇವು ನಮ್ಮದು, ನೈಸರ್ಗಿಕ ಎಂದು ನಡುಮಧ್ಯಾಹ್ನ ಹೂವಿಗೇ ಹೊಡೆಯುವವರನ್ನು ಕಂಡಿದ್ದೇನೆ. ಅದು ತಪ್ಪು.

ಗುಲಾಬಿ ಎಲೆಯ ಅಂಚಿನಲ್ಲಿ ಕತ್ತರಿಯಿಂದ ಕತ್ತರಿಸಿದಂತೆ ಗುಂಡಗಿನ ಗುರುತುಗಳು ಕಂಡರೆ ಔಷಧ ಹುಡುಕಬೇಡಿ. ಅದು ಗುಂಪು ಕಟ್ಟದೆ ಬಾಳುವ, ಎಲೆ ಕತ್ತರಿಸುವ ಒಂಟಿ ಜೇನಿನ ಕೆಲಸ. ಆ ತುಂಡನ್ನು ಒಯ್ದು, ಸುರುಳಿ ಸುತ್ತಿ, ಯಾವುದೋ ತೂತಿನೊಳಗೆ ತನ್ನ ಮರಿಗೆ ತೊಟ್ಟಿಲು ಮಾಡುತ್ತದೆ. ಗಿಡಕ್ಕೆ ಅದರಿಂದ ನಷ್ಟವಿಲ್ಲ.

ಎರೆಹುಳುವಿನ ತೊಟ್ಟಿ

ವಿಷ ನಿಲ್ಲಿಸಿದ ತಿಂಗಳೇ ಇದನ್ನು ಶುರುಮಾಡಬಹುದು. ಅಡುಗೆಮನೆಯ ಕಸ ಎರಡು ತಿಂಗಳಲ್ಲಿ ಗೊಬ್ಬರವಾದರೆ ಹೂಗಿಡ ಹಾಕುವ ಹೊತ್ತಿಗೆ ಕೈಯಲ್ಲಿ ಗೊಬ್ಬರ ಇರುತ್ತದೆ.

ಎರೆಹುಳುಗಳಲ್ಲಿ ಎರಡು ಬಗೆಯ ಬಾಳುವೆ ಇದೆ. ಹಿತ್ತಿಲ ಮಣ್ಣು ಅಗೆದಾಗ ಸಿಗುವ ನಾಡಹುಳು ಆಳದಲ್ಲಿ ಬಿಲ ತೋಡಿ ಮಣ್ಣನ್ನೂ ತಿನ್ನುತ್ತದೆ. ತೊಟ್ಟಿಗೆ ಬೇಕಾದದ್ದು ನೆಲದ ಮೇಲ್ಪದರದ ಕೊಳೆತ ಎಲೆ, ಸಗಣಿಯಲ್ಲೇ ಬದುಕುವ ಹುಳು. ನಮ್ಮಲ್ಲಿ ಹೆಚ್ಚಾಗಿ ಸಿಗುವುದು ಆಫ್ರಿಕಾ ಮೂಲದ ಯೂಡ್ರಿಲಸ್ ಯುಜೀನಿಯೆ, ಅದು ಉದ್ದ, ಹೊಳಪು, ನಮ್ಮ ಸೆಕೆಗೆ ಹೊಂದಿಕೊಂಡಿದೆ. ಇನ್ನೊಂದು ಐಸೀನಿಯಾ ಫೆಟಿಡಾ, ಗಿಡ್ಡ, ಕೆಂಪು, ಮೈಮೇಲೆ ಪಟ್ಟೆ. ನಮ್ಮ ಸ್ವಂತದ್ದೆನ್ನಬಹುದಾದ ಪೆರಿಯೋನಿಕ್ಸ್ ಕೂಡ ಇದೆ, ಹಳೆ ತಿಪ್ಪೆಗಳ ಅಂಚಿನಲ್ಲಿ ಮಳೆಗಾಲದಲ್ಲಿ ಸಿಗುತ್ತದೆ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದಲ್ಲಿ ಡಾ. ರಾಧಾ ಕಾಳೆಯವರಂಥವರು ವರ್ಷಗಟ್ಟಲೆ ಎರೆಹುಳುಗಳ ಜೊತೆ ದುಡಿದ ಫಲವಾಗಿ ಈ ವಿದ್ಯೆ ರಾಜ್ಯದ ತೋಟಗಳಿಗೆ ತಲುಪಿತು. ಹುಳು ಬೇಕಿದ್ದರೆ ನಿಮ್ಮ ಜಿಲ್ಲೆಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಿ, ಇಲ್ಲವೇ ಎರೆಗೊಬ್ಬರ ಮಾಡುವ ರೈತರ ಹತ್ತಿರ ಅರ್ಧ ಕೆಜಿ ಕೇಳಿ.

ತೊಟ್ಟಿ ಮಾಡುವ ಬಗೆ ಹೀಗೆ. ಸುಮಾರು 2 ಅಡಿ ಉದ್ದ, ಒಂದೂಕಾಲು ಅಡಿ ಅಗಲ, 1 ಅಡಿ ಆಳದ ಪ್ಲಾಸ್ಟಿಕ್ ಡಬ್ಬಿ ಅಥವಾ ತರಕಾರಿ ಕ್ರೇಟು ಸಾಕು. ಡಬ್ಬಿಯಾದರೆ ತಳದಲ್ಲಿ ಪೆನ್ಸಿಲ್ ದಪ್ಪದ ಎಂಟು ಹತ್ತು ತೂತು, ಪಕ್ಕದ ಮೇಲ್ಭಾಗದಲ್ಲಿ ಗಾಳಿಗೆ ಇನ್ನಷ್ಟು ಸಣ್ಣ ತೂತು. ಕ್ರೇಟಾದರೆ ಒಳಗೆ ಹಳೆ ಗೋಣಿ ಹಾಸಿ. ನಾಲ್ಕು ಇಟ್ಟಿಗೆ ಮೇಲೆ ಎತ್ತಿಟ್ಟು ಕೆಳಗೊಂದು ತಟ್ಟೆ. ಇಟ್ಟಿಗೆಯ ಬದಲು ನಾಲ್ಕು ನೀರಿನ ಬಟ್ಟಲಲ್ಲಿ ನಿಂತ ಸ್ಟ್ಯಾಂಡಾದರೆ ಇರುವೆ ಹತ್ತುವುದಿಲ್ಲ. ತಾರಸಿ ಬೇಡ, ದಿನವಿಡೀ ನೆರಳಿರುವ ಓಣಿಯೇ ಸರಿಯಾದ ಜಾಗ. ತೊಟ್ಟಿಯ ಒಳಗಿನ ಬಿಸಿ 35 ಡಿಗ್ರಿ ದಾಟಿದರೆ ಹುಳು ಸಾಯತೊಡಗುತ್ತದೆ.

ತಳಕ್ಕೆ 2 ಇಂಚು ತೆಂಗಿನ ನಾರು. ಅದರ ಮೇಲೆ ನೆನೆಸಿ ಹರಿದ ರಟ್ಟು ಮತ್ತು ಒಣ ಎಲೆ ಸೇರಿ 4 ಇಂಚು. ಅದರ ಮೇಲೆ ಹಳೆ ಸಗಣಿ 4 ಇಂಚು. ಹಳೆಯದು ಎಂಬ ಮಾತನ್ನು ಒತ್ತಿ ಹೇಳಬೇಕು. ಮೊದಲ ಸಲ ನಾನು ಹಾಲಿನವರ ಕೊಟ್ಟಿಗೆಯಿಂದ ಅದೇ ದಿನದ ಸಗಣಿ ತಂದು ತುಂಬಿ, ಸಂಜೆಯೇ ಹುಳು ಬಿಟ್ಟಿದ್ದೆ. ಬೆಳಿಗ್ಗೆ ಎದ್ದು ನೋಡಿದರೆ ಹುಳುಗಳು ಡಬ್ಬಿಯ ಗೋಡೆ ಹತ್ತಿ, ಮುಚ್ಚಳಕ್ಕೆ ಅಂಟಿ, ನೆಲಕ್ಕೆ ಬಿದ್ದು ಒಣಗಿದ್ದವು. ಉಳಿದವು ಮೂಲೆಯಲ್ಲಿ ಉಂಡೆಕಟ್ಟಿಕೊಂಡಿದ್ದವು. ಸಗಣಿಯೊಳಗೆ ಕೈ ಹಾಕಿದಾಗ ಬಿಸಿ ಹೊಗೆಯಂಥ ಅಮೋನಿಯಾ ವಾಸನೆ. ಹಸಿ ಸಗಣಿ ಕೊಳೆಯುವಾಗ ಬಿಸಿಯೇರುತ್ತದೆ, ಅಮೋನಿಯಾ ಬಿಡುತ್ತದೆ. ಎರೆಹುಳುವಿಗೆ ಶ್ವಾಸಕೋಶವಿಲ್ಲ, ಒದ್ದೆ ಚರ್ಮದಿಂದಲೇ ಉಸಿರಾಡುತ್ತದೆ, ಹಾಗಾಗಿ ಆ ಗಾಳಿ ಅದಕ್ಕೆ ನೇರ ವಿಷ. ಆ ದಿನದ ಸಂಕಟ ಇನ್ನೂ ಮರೆತಿಲ್ಲ. ಸಗಣಿ 15–20 ದಿನ ನೆರಳಲ್ಲಿ ಹಳತಾಗಲಿ. ಹಾಸಿಗೆ ಹಾಕಿದ ಮೇಲೂ ವಾರ, ಹತ್ತು ದಿನ ನೀರು ಚಿಮುಕಿಸುತ್ತ ಕಾಯಿರಿ. ಕೈಯನ್ನು ತಳದವರೆಗೆ ಒಳಗೆ ಹಾಕಿ ನೋಡಿ, ಮಡಕೆ ನೀರಿನ ತಂಪಿದ್ದರೆ ಹುಳು ಬಿಡಿ.

ತೇವದ ಲೆಕ್ಕ ಅಂಗೈಯಲ್ಲೇ ಇದೆ. ಒಂದು ಹಿಡಿ ತೆಗೆದು ಗಟ್ಟಿಯಾಗಿ ಹಿಂಡಿ. ಒಂದೆರಡು ಹನಿ ಬಿದ್ದರೆ ಹದ. ಧಾರೆಯಾಗಿ ಇಳಿದರೆ ಹೆಚ್ಚು. ಏನೂ ಬೀಳದೆ ಉಂಡೆ ಒಡೆದರೆ ನೀರು ಬೇಕು.

ಮೊದಲ ವಾರ ಏನನ್ನೂ ತಿನ್ನಿಸಬೇಡಿ. ಆಮೇಲೆ ದಿನಕ್ಕೆ ಒಂದು ಹಿಡಿ, ತಿಂಗಳ ಹೊತ್ತಿಗೆ ಅರ್ಧ ಕೆಜಿ ಹುಳುವಿಗೆ 200–250 ಗ್ರಾಂವರೆಗೆ. ಸಣ್ಣಗೆ ಹೆಚ್ಚಿ, ಇಂದು ಈ ಮೂಲೆ, ನಾಳೆ ಆ ಮೂಲೆ ಎಂದು ಹೂತು, ಮೇಲೆ ಒಣ ಎಲೆ ಮುಚ್ಚಿ. ಬಾಳೆಹಣ್ಣಿನ ಸಿಪ್ಪೆ, ಸೊಪ್ಪಿನ ದಂಟು, ಸೋರೆ-ಸೌತೆ ಸಿಪ್ಪೆ, ಕಾಫಿ ಚರಟ ಎಲ್ಲವೂ ಅವಕ್ಕೆ ಹಬ್ಬ. ಹಾಲು ಹಾಕಿ ಕುದಿಸಿದ ಟೀ ಚರಟವನ್ನು ಒಮ್ಮೆ ತೊಳೆದು ಹಾಕಿ. ಮೊಟ್ಟೆ ತಿನ್ನುವ ಮನೆಯಾದರೆ ಚಿಪ್ಪನ್ನು ಪುಡಿಮಾಡಿ ಉದುರಿಸಿ: ಹುಳಿ ತಗ್ಗುತ್ತದೆ, ಹಲ್ಲಿಲ್ಲದ ಹುಳುವಿಗೆ ಹೊಟ್ಟೆಯೊಳಗೆ ಅರೆಯಲು ಮರಳೂ ಸಿಕ್ಕಂತಾಗುತ್ತದೆ. ನಿಂಬೆ-ಕಿತ್ತಳೆ ಸಿಪ್ಪೆ, ಈರುಳ್ಳಿ, ಬೆಳ್ಳುಳ್ಳಿ, ಮೆಣಸಿನಕಾಯಿ ತೀರಾ ಕಡಿಮೆ. ಉಪ್ಪು, ಎಣ್ಣೆ, ಹುಳಿ ಬಿದ್ದ ಅಡುಗೆ, ಮೀನು, ಮಾಂಸ, ಮೊಸರು ಬೇಡವೇ ಬೇಡ. ಹಲಸಿನ ಕಾಲದಲ್ಲಿ ಇಡೀ ಹಲಸಿನ ಸಿಪ್ಪೆಯನ್ನು ಒಂದೇ ದಿನ ತುರುಕಿದರೆ ತೊಟ್ಟಿ ಬಿಸಿಯಾಗಿ ನೊಣ ಮುತ್ತುತ್ತವೆ. ಅದನ್ನು ಹೊರಗೆ ವಾರ ಬಾಡಿಸಿ ಸ್ವಲ್ಪ ಸ್ವಲ್ಪವೇ ಕೊಡಿ.

ತೊಟ್ಟಿ ತನ್ನ ಕಷ್ಟವನ್ನು ವಾಸನೆಯಲ್ಲೇ ಹೇಳುತ್ತದೆ. ಮಳೆ ಬಿದ್ದ ಮಣ್ಣಿನ ವಾಸನೆಯಿದ್ದರೆ ಎಲ್ಲ ಸರಿ. ಕೊಳೆತ ಮೊಟ್ಟೆಯ ವಾಸನೆ ಬಂದರೆ ನೀರು ಹೆಚ್ಚಾಗಿ ಗಾಳಿ ನಿಂತಿದೆ, ಎರಡು ಹಿಡಿ ಒಣ ಎಲೆ ಬೆರೆಸಿ ಕೈಯಾಡಿಸಿ, ಎರಡು ದಿನ ಏನೂ ಹಾಕಬೇಡಿ. ಹುಳಿ ವಾಸನೆ, ಜೊತೆಗೆ ದಾರದೆಳೆಯಂಥ ಬಿಳಿ ಹುಳುಗಳು ಕಂಡರೆ ಮೊಟ್ಟೆಚಿಪ್ಪಿನ ಪುಡಿ ಹಾಕಿ. ಇರುವೆ ಬಂದರೆ ತೊಟ್ಟಿ ಒಣಗಿದೆ ಎಂದರ್ಥ. ಕಂದುಬಣ್ಣದ, ಕೊಬ್ಬಿದ, ಚಪ್ಪಟೆ ಮರಿಹುಳುಗಳು ಕಂಡರೆ ಹೆದರಬೇಡಿ. ಅವು ಕಪ್ಪು ನೊಣವೊಂದರ ಮರಿಗಳು, ಅವೂ ಕಸವನ್ನೇ ತಿನ್ನುತ್ತವೆ.

ಒಂದೂವರೆ ತಿಂಗಳಾದಾಗ ಒಂದು ಚಮಚ ಗೊಬ್ಬರವನ್ನು ಬಿಳಿ ಕಾಗದದ ಮೇಲೆ ಹರಡಿ ನೋಡಿ. ಸಾಸಿವೆಗಿಂತ ತುಸು ದೊಡ್ಡ, ನಿಂಬೆಹಣ್ಣಿನ ಆಕಾರದ, ಹಳದಿಯಿಂದ ಕೆಂಪುಕಂದಿಗೆ ತಿರುಗಿದ ಕಾಳುಗಳು ಕಾಣುತ್ತವೆ. ಅವು ಮೊಟ್ಟೆಗೂಡು, ಒಂದೊಂದರಿಂದಲೂ ಕೆಲವು ಮರಿಗಳು. ಬೆಳಕಿಗೆ ಹಿಡಿದರೆ ಒಳಗೆ ಬಿಳಿ ದಾರದಂತೆ ಮರಿ ಹೊರಳುವುದು ಕಾಣುತ್ತದೆ. ನಮ್ಮ ಮಗಳಿಗೆ ಇದನ್ನು ತೋರಿಸಿದ ಮೇಲೆ ತೊಟ್ಟಿಗೆ ಸಿಪ್ಪೆ ಹಾಕುವ ಕೆಲಸ ಅವಳದೇ ಆಯಿತು.

ಸುಮಾರು 60 ದಿನಕ್ಕೆ ಗೊಬ್ಬರ ಟೀಪುಡಿಯ ಹಾಗೆ ಆಗುತ್ತದೆ. ನಾಲ್ಕು ದಿನ ನೀರು ನಿಲ್ಲಿಸಿ. ಗೋಣಿಯ ಮೇಲೆ ಗೋಪುರದಂತೆ ರಾಶಿ ಮಾಡಿ ಬೆಳಕಿರುವಲ್ಲಿ ಅರ್ಧ ಗಂಟೆ ಬಿಡಿ. ಹುಳುಗಳು ಬೆಳಕಿಗೆ ಹೆದರಿ ಕೆಳಗಿಳಿಯುತ್ತವೆ. ಮೇಲಿನದನ್ನು ಕೈಯಿಂದ ಗೀರಿ ತೆಗೆಯಿರಿ, ಮತ್ತೆ ಕಾಯಿರಿ, ಮತ್ತೆ ತೆಗೆಯಿರಿ. ಕೊನೆಗೆ ತಳದಲ್ಲಿ ಬರಿ ಹುಳುಗಳ ಗಂಟು ಉಳಿಯುತ್ತದೆ, ಅದು ಹೊಸ ಹಾಸಿಗೆಗೆ. ಜರಡಿಯಲ್ಲಿ ಸೋಸಿದರೆ ಉಳಿಯುವ ತರಿಯಲ್ಲಿ ಮೊಟ್ಟೆಗೂಡುಗಳೂ ಇರುತ್ತವೆ, ಅದನ್ನೂ ತೊಟ್ಟಿಗೇ ಮರಳಿಸಿ. ಗೊಬ್ಬರವನ್ನು ಬಿಸಿಲಿಗೆ ಒಣಗಿಸಬೇಡಿ. ತಟ್ಟೆಗೆ ಇಳಿದ ಕಂದು ನೀರನ್ನು ಹತ್ತರಷ್ಟು ನೀರು ಬೆರೆಸಿ ಬುಡಕ್ಕೆ ಹಾಕಬಹುದು.

ನೆಲದ ಹುಳುವಿಗೆ ಹೊದಿಕೆ

ತೊಟ್ಟಿಯ ಹುಳುವನ್ನು ತಂದು ಪಾತಿಯ ಮಣ್ಣಿಗೆ ಬಿಡುವುದು ಹಲವರ ಅಭ್ಯಾಸ. ಬರಿ ಮಣ್ಣಿನಲ್ಲಿ ಅವಕ್ಕೆ ಊಟವಿಲ್ಲ, ಬಹುಪಾಲು ಸಾಯುತ್ತವೆ. ಪಾತಿಗೆ ಬೇಕಾದದ್ದು ಅಲ್ಲೇ ಆಳದಲ್ಲಿ ಮಲಗಿರುವ ನಾಡಹುಳು. ಅದನ್ನು ಕರೆಯಲು ನಾಲ್ಕು ಇಂಚು ದಪ್ಪ ಒಣ ಎಲೆಯ ಹೊದಿಕೆ ಹಾಕಿ, ಕೆಳಗಿನ ಮಣ್ಣು ಒಣಗದಂತೆ ನೋಡಿಕೊಳ್ಳಿ, ಗುದ್ದಲಿಯಿಂದ ಪದೇ ಪದೇ ಅಗೆಯುವುದನ್ನು ಬಿಡಿ. ಎರೆಹುಳು ರಾತ್ರಿ ಎಲೆಯನ್ನು ಬಿಲದೊಳಗೆ ಎಳೆದುಕೊಳ್ಳುವುದನ್ನು ಗಂಟೆಗಟ್ಟಲೆ ಕೂತು ನೋಡಿದವರು ಚಾರ್ಲ್ಸ್ ಡಾರ್ವಿನ್. 1881ರಲ್ಲಿ, ತೀರಿಕೊಳ್ಳುವ ಹಿಂದಿನ ವರ್ಷ, ಎರೆಹುಳುಗಳ ಮೇಲೆಯೇ ಒಂದು ಪುಸ್ತಕ ಬರೆದರು. ಬೀದಿಯ ಹೊಂಗೆಮರದ ಎಲೆಯನ್ನು ಗುಡಿಸಿ ಬೆಂಕಿ ಹಚ್ಚುವುದನ್ನು ಕಂಡಾಗಲೆಲ್ಲ ನನಗೆ ಹೊಟ್ಟೆ ಉರಿಯುತ್ತದೆ. ಒಂದು ಚೀಲ ತೆಗೆದುಕೊಂಡು ಹೋಗಿ ಕೇಳಿ, ಖುಷಿಯಿಂದ ಕೊಡುತ್ತಾರೆ.

ಹೊದಿಕೆ ಹಾಕಿದ ಎರಡನೇ ಮಳೆಗಾಲಕ್ಕೆ ನಮ್ಮ ಪಾತಿಯ ಅಂಚಿನಲ್ಲಿ ಹುಳು ಹಾಕಿದ ಮಣ್ಣಿನ ಸಣ್ಣ ಗುಪ್ಪೆಗಳು ಕಂಡವು. ಅಲ್ಲಿಗೆ ನೀರು ನಿಲ್ಲುವ ತೊಂದರೆಯೂ ಹೋಯಿತು.

ಕುಂಡಗಳಿಗೆ ಮಣ್ಣು ಒಂದು ಪಾಲು, ತೆಂಗಿನ ನಾರಿನ ಪುಡಿ ಒಂದು ಪಾಲು, ಎರೆಗೊಬ್ಬರ ಒಂದು ಪಾಲು. ತಾರಸಿಗೆ ಭಾರ ಕಡಿಮೆ, ತೇವ ಉಳಿಯುತ್ತದೆ. ತಿಂಗಳಿಗೊಮ್ಮೆ ಕುಂಡಕ್ಕೆ ಎರಡು ಹಿಡಿ ಗೊಬ್ಬರ ಹಾಕಿ ಮೇಲೆ ಎಲೆ ಮುಚ್ಚಿದರೆ ಸಾಕು.

ಹೂವು: ವರ್ಷಪೂರ್ತಿ ಮೇವು

ಜೇನಿಗೆ ಮೇವಾಗುವ ಗಿಡವೆಂದರೆ ದುಬಾರಿ ಹೂಗಿಡವಲ್ಲ. ನಮ್ಮ ಅಡುಗೆಮನೆಯ ಗಿಡಗಳನ್ನು ಕೀಳದೆ ಹೂವಿಗೆ ಬಿಟ್ಟರಾಯಿತು. ತುಳಸಿ, ಕಾಮಕಸ್ತೂರಿ, ಕೊತ್ತಂಬರಿ, ಸಾಸಿವೆ, ಸಬ್ಬಸಿಗೆ. ಪೂಜೆಗೆಂದು ತುಳಸಿಯ ತೆನೆಯನ್ನೆಲ್ಲ ಚಿವುಟುವ ಮನೆಯಲ್ಲಿ ಎರಡು ಗಿಡ ಬೇರೆಯಾಗಿ ಜೇನಿಗೆಂದೇ ಇರಲಿ. ಪಾತಿಯ ಕಳೆಯೆಂದು ಕೀಳುವ ತುಂಬೆಗಿಡದ ಪುಟ್ಟ ಬಿಳಿ ಹೂವನ್ನು ಜೇನು ಬಿಡುವುದೇ ಇಲ್ಲ. ಮುಟ್ಟಿದರೆ ಮುನಿಯ ಗುಲಾಬಿ ಚೆಂಡಿನಿಂದ ಬೆಳಿಗ್ಗೆ ಪರಾಗ ಒಯ್ಯುತ್ತದೆ. ಕಾಂಪೌಂಡಿನ ಮೇಲೆ ಆಂಟಿಗೋನಾನ್ ಬಳ್ಳಿ ಹಬ್ಬಿಸಿದರೆ ವರ್ಷದ ಬಹುಪಾಲು ಗುಲಾಬಿ ಬಣ್ಣದ ಹೂವು. ಒಂದು ನುಗ್ಗೆ, ಒಂದು ಕರಿಬೇವು ಇದ್ದರೆ ಇನ್ನೂ ಚೆನ್ನ. ಸೂರ್ಯಕಾಂತಿಯನ್ನು ಒಂದೇ ದಿನ ಬಿತ್ತದೆ 15 ದಿನಕ್ಕೊಮ್ಮೆ ನಾಲ್ಕು ಬೀಜದಂತೆ ಬಿತ್ತಿ.

ಕಷ್ಟದ ಕಾಲ ಜೂನ್‌ನಿಂದ ಆಗಸ್ಟ್. ಹೂವಿದ್ದರೂ ಮಳೆ ಮಕರಂದವನ್ನು ತೊಳೆದುಬಿಡುತ್ತದೆ. ತೂಗುವ ಹೂಗಳು, ಸೂರಿನ ಅಡಿಯ ಕುಂಡಗಳು ಆಗ ನೆರವಿಗೆ ಬರುತ್ತವೆ. ಬೇಸಿಗೆಯಲ್ಲಿ ಮೇವಿಗಿಂತ ನೀರಿನ ಕೊರತೆ ಹೆಚ್ಚು. ಅಗಲ ತಟ್ಟೆಯಲ್ಲಿ ಬೆಣಚುಕಲ್ಲು ತುಂಬಿ, ಕಲ್ಲಿನ ತಲೆ ಮುಳುಗದಷ್ಟು ನೀರು ಹಾಕಿ. ಕಲ್ಲಿಲ್ಲದ ಬಟ್ಟಲಲ್ಲಿ ಜೇನು ಬಿದ್ದು ಸಾಯುತ್ತದೆ. ಮೂರು ದಿನಕ್ಕೊಮ್ಮೆ ನೀರು ಚೆಲ್ಲಿ ತುಂಬಿ, ಇಲ್ಲದಿದ್ದರೆ ಸೊಳ್ಳೆ.

ಯಾವ ತರಕಾರಿಗೆ ಯಾರು ಬೇಕು

ಜೇನು ಬಂದರೆ ಎಲ್ಲ ಕಾಯಿ ಕಟ್ಟುತ್ತದೆ ಎಂದು ನಾವು ತಿಳಿದಿರುತ್ತೇವೆ. ನೋಡುತ್ತ ಕೂತರೆ ಬೇರೆಯೇ ಕಾಣುತ್ತದೆ.

ಬದನೆ ಮತ್ತು ಟೊಮೆಟೊ ಹೂವಿನ ಪರಾಗ ಹೊರಗೆ ಸುಲಭಕ್ಕೆ ಉದುರುವುದಿಲ್ಲ. ಹೂವಿನ ನಡುವಿನ ಹಳದಿ ಕೊಳವೆಗಳ ಒಳಗೆ, ಉಪ್ಪಿನ ಡಬ್ಬಿಯಲ್ಲಿದ್ದಂತೆ, ಇರುತ್ತದೆ. ಟೊಮೆಟೊಗೆ ಗಾಳಿಯ ಅಲುಗಾಟವೂ ತಕ್ಕಮಟ್ಟಿಗೆ ಸಾಕು. ಬದನೆಗೆ ಅಲುಗಿಸುವವರು ಬೇಕು, ತುಡುವೆಗೆ ಆ ವಿದ್ಯೆ ಇಲ್ಲ. ಒಂದು ಬೆಳಿಗ್ಗೆ ಎಂಟರ ಹೊತ್ತಿಗೆ ಬದನೆಗಿಡದ ಪಕ್ಕ ಕೂತಿದ್ದೆ. ಕಪ್ಪು, ದಪ್ಪ, ರೆಕ್ಕೆಯಲ್ಲಿ ನೀಲಿ ಮಿಂಚಿನ ದುಂಬಿಯೊಂದು ಬಂದು ನೇರಳೆ ಹೂವಿಗೆ ಜೋತುಬಿತ್ತು. ಹೂವು ಅದರ ಭಾರಕ್ಕೆ ಬಾಗಿತು. ದುಂಬಿ ರೆಕ್ಕೆ ಬಡಿಯದೆಯೇ ಮೈ ನಡುಗಿಸಿತು, ಹಾರುವಾಗಿನ ಮೊರೆತಕ್ಕಿಂತ ತಾರಕದ, ತುಂಡು ತುಂಡಾದ ಝೇಂಕಾರ. ಕೊಳವೆಯ ತುದಿಯಿಂದ ಹಳದಿ ಪುಡಿ ಹೊಗೆಯಂತೆ ಅದರ ಹೊಟ್ಟೆಯ ಮೇಲೆ ಉದುರಿತು. ಹೀಗೆ ಮಾಡಬಲ್ಲವು ಮರ ಕೊರೆಯುವ ಈ ದುಂಬಿ ಮತ್ತು ಹೊಟ್ಟೆಯ ಮೇಲೆ ನೀಲಿ ಪಟ್ಟೆಯ ಒಂಟಿ ಜೇನು.

ಇವಕ್ಕೆ ಪೆಟ್ಟಿಗೆ ಬೇಡ. ದುಂಬಿಗೆ ಒಣಗಿದ ಮೃದುಮರದ ಕೊರಡು ಅಥವಾ ಬಿದಿರಿನ ಗಳ, ನೀಲಿಪಟ್ಟೆಯದಕ್ಕೆ ಹೊದಿಕೆ ಇಲ್ಲದ ಒಣ ಮಣ್ಣಿನ ಒಂದು ಮೂಲೆ ಅಥವಾ ಮಣ್ಣಿನ ಗೋಡೆ, ಎಲೆ ಕತ್ತರಿಸುವುದಕ್ಕೆ ಒಂದು ಕಡೆ ಮುಚ್ಚಿದ ಬಿದಿರಿನ ಸಣ್ಣ ಕೊಳವೆಗಳ ಕಟ್ಟು. ಎಲ್ಲ ಕಡೆ ಸಿಮೆಂಟು ಬಳಿಯದೆ ಎರಡು ಚದರ ಅಡಿ ಮಣ್ಣು ಬಿಟ್ಟರೂ ಸಾಕು. ದುಂಬಿ ಬಾರದ ಮನೆಯಲ್ಲಿ ಬೆಳಿಗ್ಗೆ ಹೂವಿನ ತೊಟ್ಟನ್ನು ಬೆರಳಿನಿಂದ ಮೆಲ್ಲಗೆ ತಟ್ಟಿ. ಬದನೆಯಲ್ಲಿ ಕೆಲವು ಹೂಗಳಲ್ಲಿ ಪರಾಗ ಹಿಡಿಯುವ ನಡುವಿನ ಕಡ್ಡಿ ಗಿಡ್ಡವಾಗಿ ಒಳಗೇ ಅಡಗಿರುತ್ತದೆ. ಅವು ಉದುರುವುದೇ ಸಹಜ, ಗೊಬ್ಬರ ಸುರಿಯಬೇಡಿ.

ಬಳ್ಳಿಗಳ ಲೆಕ್ಕ ಬೇರೆ. ಕುಂಬಳ, ಸೌತೆ, ಹಾಗಲಗಳಲ್ಲಿ ಗಂಡು ಹೂವು ಬೇರೆ, ಹೆಣ್ಣು ಹೂವು ಬೇರೆ. ಹೆಣ್ಣಿನ ಹಿಂದೆ ಪುಟ್ಟ ಕಾಯಿ ಇರುತ್ತದೆ. ಮೊದಲ ಒಂದೆರಡು ವಾರ ಬರಿ ಗಂಡು ಬಂದರೆ ಗಾಬರಿ ಬೇಡ. ಹೆಣ್ಣು ಹೂವಿನ ಕಾಯಿ ಹಳದಿಯಾಗಿ ಉದುರಿದರೆ, ಅಥವಾ ಸೌತೆ ಒಂದು ಕಡೆ ದಪ್ಪ, ಇನ್ನೊಂದು ಕಡೆ ಸೊರಗಿ ಬಾಗಿದರೆ, ಪರಾಗ ಸಾಲದಾಗಿದೆ. ಕುಂಬಳದ ಹೂವು ಬೆಳಗಿನ ಜಾವ ಅರಳಿ ಬಿಸಿಲೇರುವಷ್ಟರಲ್ಲಿ ಮುಚ್ಚುತ್ತದೆ, ಹಾಗಾಗಿ ಬೆಳಿಗ್ಗೆ ಏಳರೊಳಗೆ ಗಂಡು ಹೂವು ಕಿತ್ತು, ಎಸಳು ಬಿಡಿಸಿ, ಹೆಣ್ಣಿನ ನಡುವಿಗೆ ಸವರಿ. ಸೋರೆ, ಹೀರೆ, ಪಡುವಲ ಅರಳುವುದು ಸಂಜೆ. ಅವಕ್ಕೆ ಪತಂಗಗಳೇ ನೆಂಟರು, ಪೆಟ್ಟಿಗೆ ಇಟ್ಟರೂ ಜೇನು ಆ ಹೊತ್ತಿಗೆ ಮನೆ ಸೇರಿರುತ್ತದೆ. ತಾರಸಿಯ ದೀಪ ಆರಿಸಿ. ಕಾಯಿ ನಿಲ್ಲದಿದ್ದರೆ ಆರು ಗಂಟೆಗೆ ನೀವೇ ಸವರಿ.

ಮಿಸರಿ: ಕುಟುಕದ ಜೇನು

ಈಗ, ವರ್ಷ ಕಳೆದ ಮೇಲೆ, ಸಾಕುವ ಮಾತು. ಪಟ್ಟಣದ ಒತ್ತೊತ್ತಿನ ಮನೆಗಳಿಗೆ ನನ್ನ ಸಲಹೆ ಮಿಸರಿಯೇ. ಉತ್ತರ ಕನ್ನಡದಲ್ಲಿ ಮಿಸರಿ, ದಕ್ಷಿಣ ಕನ್ನಡದಲ್ಲಿ ಮುಜಂಟಿ, ಕೆಲವೆಡೆ ನಸರಿ ಎನ್ನುತ್ತಾರೆ. ಸೊಳ್ಳೆಯ ಗಾತ್ರ, ಕಪ್ಪು ಮೈ, ಕುಟುಕುವ ಮುಳ್ಳಿಲ್ಲ. ಕೆಣಕಿದರೆ ಕೂದಲಿಗೆ ಸಿಕ್ಕಿಕೊಂಡು ಕಚ್ಚುತ್ತದೆ, ಅಷ್ಟೆ. ನಾನು ಹುಟ್ಟಿದ ಶಿರಸಿ ಕಡೆಯ ಮನೆಯ ಮಣ್ಣುಗೋಡೆಯಲ್ಲಿ ಇದರ ಗೂಡಿತ್ತು. ಗೋಡೆಯಿಂದ ಹೊರಬಂದ ಕಂದು ಮೇಣದ ಪುಟ್ಟ ಕೊಳವೆ, ಅದರ ಬಾಯಲ್ಲಿ ಸುತ್ತ ಮುಖ ಹೊರಗಿಟ್ಟು ಕೂತ ಏಳೆಂಟು ಕಾವಲುಗಾರರು. ಸಂಜೆ ಕೆಲವು ಗೂಡುಗಳಲ್ಲಿ ಆ ಬಾಯಿಯನ್ನು ಮೇಣದಿಂದ ತೆಳ್ಳಗೆ ಮುಚ್ಚಿಕೊಳ್ಳುತ್ತವೆ.

ನಿಮ್ಮ ಗೋಡೆಯಲ್ಲೋ ಮೀಟರ್ ಪೆಟ್ಟಿಗೆಯಲ್ಲೋ ಮಿಸರಿ ಈಗಾಗಲೇ ಇದ್ದರೆ ಮುಟ್ಟದೆ ಬಿಡುವುದೇ ಒಳ್ಳೆಯದು. ತೋಟಕ್ಕೆ ಬೇಕಾದ ಕೆಲಸವನ್ನು ಅದು ಅಲ್ಲಿಂದಲೇ ಮಾಡುತ್ತದೆ. ಪೆಟ್ಟಿಗೆಗೆ ಇಳಿಸುವುದು ಕೆಡವಲಿರುವ ಗೋಡೆಯಿಂದ ಇರಲಿ. ಒಂದು ಅಡಿ ಉದ್ದ, ಅರ್ಧ ಅಡಿ ಅಗಲ-ಎತ್ತರದ ಮರದ ಪೆಟ್ಟಿಗೆ, ಹಿಂದೆ ಒಂದು ತೂತು, ಮುಂದೆ ಒಂದು ತೂತು. ಮುಚ್ಚಳದ ಕೆಳಗೆ ಪಾರದರ್ಶಕ ಹಾಳೆಯಿದ್ದರೆ ಒಳಗೆ ನೋಡಬಹುದು. ಗೋಡೆಯ ಗೂಡಿನ ಮೇಣದ ಕೊಳವೆಯನ್ನು ಜೋಪಾನವಾಗಿ ಬಿಡಿಸಿ, ಅಲ್ಲಿಂದ ಪೆಟ್ಟಿಗೆಯ ಹಿಂದಿನ ತೂತಿಗೆ ಅರ್ಧ ಇಂಚಿನ ಪೈಪು ಜೋಡಿಸಿ. ಸಂದುಗಳನ್ನು ಜೇಡಿಮಣ್ಣಿನಿಂದ ಮುಚ್ಚಿ. ಬಿಡಿಸಿದ ಮೇಣವನ್ನು ಮುಂದಿನ ತೂತಿನ ಸುತ್ತ ಅಂಟಿಸಿ, ಆ ವಾಸನೆಗೆ ಹುಳಗಳು ತಮ್ಮ ಬಾಗಿಲೆಂದು ಗುರುತು ಹಿಡಿಯುತ್ತವೆ. ಇನ್ನು ಮುಂದೆ ಹೋಗಿಬರುವ ದಾರಿ ಪೆಟ್ಟಿಗೆಯ ಮೂಲಕ. ತಿಂಗಳುಗಳು ಕಳೆದಂತೆ ಅಲ್ಲೇ ಮೇಣದ ಕುಡಿಕೆಗಳನ್ನು ಕಟ್ಟುತ್ತವೆ. ಅಕ್ಕಿಕಾಳಿನಂಥ ಮೊಟ್ಟೆಕೋಶಗಳ ಗೊಂಚಲು ಕಂಡ ಮೇಲಷ್ಟೇ ಬೇರ್ಪಡಿಸಿ. ರಾತ್ರಿ, ಎಲ್ಲ ಒಳಗಿರುವಾಗ ಬಾಗಿಲು ಮುಚ್ಚಿ ಒಯ್ಯಬೇಕು. ಅರ್ಧ ಕಿಲೋಮೀಟರಿನ ಒಳಗೇ ಸರಿಸಿದರೆ ಹಳೆ ಜಾಗಕ್ಕೆ ಮರಳುತ್ತವೆ.

ಪೆಟ್ಟಿಗೆಗೆ ಬೆಳಗಿನ ಎಳೆಬಿಸಿಲು, ಆಮೇಲೆ ನೆರಳು, ಮೇಲೆ ಮಳೆ ತಾಗದ ಸೂರು, ಸ್ಟ್ಯಾಂಡಿನ ಕಾಲಿಗೆ ನೀರಿನ ಬಟ್ಟಲು. ವರ್ಷಕ್ಕೆ ಅರ್ಧ ಕೆಜಿ ತುಪ್ಪ ಸಿಕ್ಕರೆ ಅದೇ ದೊಡ್ಡದು. ಹುಳಿ-ಸಿಹಿ, ಮೂಗಿಗೇರುವ ಘಾಟು. ಹಸುಗೂಸಿಗೆ ನೆಕ್ಕಿಸುವ ರೂಢಿ ನಮ್ಮಲ್ಲಿದೆ, ದಯವಿಟ್ಟು ಬೇಡ. ವರ್ಷ ತುಂಬದ ಮಗುವಿಗೆ ಯಾವ ಜೇನುತುಪ್ಪವೂ ಅಪಾಯವೇ.

ತುಡುವೆ, ಹೆಜ್ಜೇನು

ತುಡುವೆಯನ್ನು ಸಾಕುವುದು ಕಲಿತು ಮಾಡುವ ಕೆಲಸ. 1991–92ರ ಸುಮಾರಿಗೆ ಮರಿಹುಳುಗಳನ್ನು ಕೊಲ್ಲುವ ಥಾಯ್ ಸ್ಯಾಕ್‌ಬ್ರೂಡ್ ವೈರಸ್ ದಕ್ಷಿಣ ಭಾರತದ ತುಡುವೆಗಳಿಗೆ ಬಡಿದು, ಕೊಡಗು, ಮಲೆನಾಡು, ಕರಾವಳಿಗಳಲ್ಲಿ ಪೆಟ್ಟಿಗೆಗಳ ಸಾಲುಸಾಲೇ ಖಾಲಿಯಾಯಿತು. ಹಾಗಾಗಿ ರೋಗದ ಗುರುತು ಹಿಡಿಯಲು ಬಾರದೆ ಪೆಟ್ಟಿಗೆ ತರಬೇಡಿ. ತೋಟಗಾರಿಕೆ ಇಲಾಖೆಯಲ್ಲಿ ತರಬೇತಿಗೆ ವಿಚಾರಿಸಿ, ಅನುಭವಿ ಸಾಕಣೆಗಾರರ ಜೊತೆ ಒಂದು ಹಂಗಾಮು ಕೈಜೋಡಿಸಿ. ಆಮೇಲೆ ಒಂದೇ ಪೆಟ್ಟಿಗೆ, ಜನ ಓಡಾಡದ ಕಡೆ ಬಾಗಿಲು, ನೆರೆಯವರ ಒಪ್ಪಿಗೆ. ಎಂಟು ಹತ್ತು ದಿನಕ್ಕೊಮ್ಮೆ ತಳ ಗುಡಿಸಿ, ಮೇಣದ ಪತಂಗದ ಬಲೆ ಕಂಡರೆ ಆ ಎರಿ ತೆಗೆಯಿರಿ. ಮಳೆಗಾಲದಲ್ಲಿ ಸಕ್ಕರೆ, ನೀರು ಸಮಸಮ ಬೆರೆಸಿದ ಪಾಕ. ಕುಟುಕಿದರೆ ಮುಳ್ಳನ್ನು ತಕ್ಷಣ ಉಗುರಿನಿಂದ ಗೀರಿ ತೆಗೆಯಿರಿ. ಉಸಿರು ಕಟ್ಟಿದರೆ, ಮುಖ ಊದಿದರೆ ಕಾಯದೆ ಆಸ್ಪತ್ರೆಗೆ.

ಹೆಜ್ಜೇನು ಕಟ್ಟಡದ ಸಜ್ಜಕ್ಕೆ ಕಟ್ಟಿದರೆ ಬೆಂಕಿ, ಹೊಗೆ, ವಿಷ ಯಾವುದೂ ಬೇಡ. ಆ ಕಿಟಕಿ ಮುಚ್ಚಿಡಿ, ರಾತ್ರಿ ಅಲ್ಲಿ ದೀಪ ಹಾಕಬೇಡಿ. ಅವು ವಲಸೆ ಹೋಗುವ ಜಾತಿ, ಕಾಲ ಮುಗಿದಾಗ ತಾವೇ ಏಳುತ್ತವೆ.

ಪೆಟ್ಟಿಗೆ ಖಾಲಿಯಾದ ಆ ಪರಿಚಿತರ ಓಣಿಯಲ್ಲೀಗ ಎರೆಹುಳು ತೊಟ್ಟಿ ಎರಡು. ತಾರಸಿಯಲ್ಲಿ ಕಾಮಕಸ್ತೂರಿ ಹೂಬಿಟ್ಟು, ಎಲ್ಲಿಂದಲೋ ತುಡುವೆಗಳು ಬೆಳಿಗ್ಗೆ ಬಂದು ಹೋಗುತ್ತಿವೆ. ಖಾಲಿ ಪೆಟ್ಟಿಗೆಯನ್ನು ಉಜ್ಜಿ ತೊಳೆದು, ಬಿಸಿಲಿಗೆ ಒಣಗಿಸಿ, ಒಳಗೋಡೆಗೆ ಜೇನುಮೇಣ ಸವರಿ, ನುಗ್ಗೆಮರದ ನೆರಳಲ್ಲಿ ಆಳೆತ್ತರಕ್ಕೆ ಇಟ್ಟಿದ್ದಾರೆ. ಜೇನುಗೂಡು ಒಡೆದು ಎರಡು ಪಾಲಾಗುವ ಕಾಲದಲ್ಲಿ ಜಾಗ ಹುಡುಕುವ ಹುಳಗಳು ಇಂಥ ಪೆಟ್ಟಿಗೆಯನ್ನು ಒಳಹೊಕ್ಕು ನೋಡುತ್ತವೆ. ಹೋದ ವಾರ ಎರಡು ಮೂರು ಹುಳ ಬಾಗಿಲ ಸುತ್ತ ಸುಳಿದಾಡಿದವಂತೆ.